ಡಬ್ಬದಲ್ಲಿರುವ ಕೊಲಾಜೆನ್ ಮೂಳೆಗೆ ಹೋಗಿ ಸೇರುತ್ತದೆಯೇ?

ಪ್ರಶ್ನೆ: ನನಗೆ 56 ವರ್ಷ. ಮುಟ್ಟು ನಿಂತು ಆರು ವರ್ಷವಾಯಿತು. ಎರಡು ತಿಂಗಳ ಹಿಂದೆ ಬಚ್ಚಲಮನೆಯಲ್ಲಿ ಕಾಲು ಜಾರಿ, ಕೈ ಊರಿ ಬಿದ್ದೆ. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಈಗ ಪ್ಲಾಸ್ಟರ್ ಬಿಚ್ಚಿದ್ದಾರೆ. ಮಗಳು ಅಮೆರಿಕದಿಂದ ಕೊಲಾಜೆನ್ ಪುಡಿ ಕಳಿಸಿದ್ದಾಳೆ. ವಿಟಮಿನ್ ಸಿ ಜೊತೆ ತೆಗೆದುಕೊಂಡರೆ ಮೂಳೆಯ ಜೀವಕೋಶಗಳು ಬೆಳೆಯುತ್ತವೆ ಎಂದು ಅದರ ಮೇಲೆ ಬರೆದಿದೆ. ಅದಕ್ಕೇ 1000 ಮಿಲಿಗ್ರಾಂ ವಿಟಮಿನ್ ಸಿ ಮಾತ್ರೆಯನ್ನೂ ಶುರು ಮಾಡಿದ್ದೇನೆ. ಪಕ್ಕದ ಮನೆಯವರು ಕಾಲು ಸೂಪ್ ಕುಡಿಯಿರಿ ಅಂತಾರೆ, ಆದರೆ ನಾವು ಸಸ್ಯಾಹಾರಿಗಳು. ಈ ಪುಡಿ, ಮಾತ್ರೆ ನಿಜವಾಗಿ ಕೆಲಸ ಮಾಡುತ್ತವೆಯೇ? ನಮ್ಮ ಯಜಮಾನರೂ ಮಂಡಿನೋವಿಗೆ ಅಂತ ಅದೇ ಮಾತ್ರೆ ನುಂಗುತ್ತಿದ್ದಾರೆ. ಅವರಿಗೆ ಹಿಂದೆ ಒಮ್ಮೆ ಕಿಡ್ನಿ ಸ್ಟೋನ್ ಆಗಿತ್ತು.
(ಹಾಸನದ ಓದುಗರೊಬ್ಬರು)

ಉತ್ತರ: ನಿಮಗೆ ಇಷ್ಟವಾಗದ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಪುಡಿ ಸಸ್ಯಾಹಾರ ಅಲ್ಲ. ಕೊಲಾಜೆನ್ ಒಂದು ಪ್ರೋಟೀನ್, ಅದು ಇರುವುದು ಪ್ರಾಣಿಗಳ ಮೈಯಲ್ಲಿ ಮಾತ್ರ. ದನ, ಹಂದಿಯ ಚರ್ಮ ಮತ್ತು ಮೂಳೆ, ಇಲ್ಲವೇ ಮೀನಿನ ಚರ್ಮದಿಂದ ಅದನ್ನು ತೆಗೆಯುತ್ತಾರೆ. ಡಬ್ಬ ತಿರುಗಿಸಿ ಸಣ್ಣ ಅಕ್ಷರ ಓದಿ. ‘ಬೋವೈನ್’ ಎಂದಿದ್ದರೆ ದನದ್ದು, ‘ಮರೀನ್’ ಎಂದಿದ್ದರೆ ಮೀನಿನದು. ‘ವೀಗನ್ ಕೊಲಾಜೆನ್’ ಎಂದು ಮಾರುವ ಹೆಚ್ಚಿನ ಡಬ್ಬಗಳಲ್ಲಿ ಕೊಲಾಜೆನ್ನೇ ಇರುವುದಿಲ್ಲ. ಒಂದಷ್ಟು ಅಮೈನೋ ಆಮ್ಲ (ಪ್ರೋಟೀನಿನ ಬಿಡಿಭಾಗಗಳು), ಒಂದಷ್ಟು ವಿಟಮಿನ್, ಅಷ್ಟೇ. ಪಕ್ಕದ ಮನೆಯವರ ಸೂಪಿಗೂ ಮಗಳ ಪುಡಿಗೂ ಮೂಲದಲ್ಲಿ ವ್ಯತ್ಯಾಸ ಕಮ್ಮಿ. ಪುಡಿಯನ್ನು ಕಾರ್ಖಾನೆಯಲ್ಲಿ ಇನ್ನೂ ಸಣ್ಣದಾಗಿ ತುಂಡರಿಸಿರುತ್ತಾರೆ, ಬೆಲೆ ಜಾಸ್ತಿ ಇರುತ್ತದೆ.

ಇನ್ನು ಡಬ್ಬದ ಮೇಲಿನ ಮಾತು. ಅದು ಪೂರ್ತಿ ಸುಳ್ಳಲ್ಲ. ಮೂಳೆಯ ಕೋಶ ಬೆಳೆದು ಬಲಿಯಲು ಕೊಲಾಜೆನ್ ಬೇಕು, ಕೊಲಾಜೆನ್ ತಯಾರಾಗಲು ವಿಟಮಿನ್ ಸಿ ಬೇಕು. ಎರಡೂ ನಿಜ. ಆದರೆ ಆ ಕೊಲಾಜೆನ್ ಹೊರಗಿನಿಂದ ಬರುವುದಲ್ಲ, ಕೋಶವೇ ತನ್ನೊಳಗೆ ಮಾಡಿಕೊಳ್ಳುವುದು. ಡಬ್ಬದವರು ಈ ಒಂದು ವಿಷಯವನ್ನು ಮಾತ್ರ ಹೇಳುವುದಿಲ್ಲ.

ಮೂಳೆ ಅಂದರೆ ಕ್ಯಾಲ್ಸಿಯಂ ಎಂದೇ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ತೂಕದ ಲೆಕ್ಕದಲ್ಲಿ ಮೂಳೆಯ ಮೂರರಲ್ಲಿ ಎರಡು ಭಾಗದಷ್ಟು ಕ್ಯಾಲ್ಸಿಯಂ ಮತ್ತು ರಂಜಕದ ಖನಿಜ, ಸರಿ. ಉಳಿದದ್ದರಲ್ಲಿ ಸ್ವಲ್ಪ ನೀರು, ಮಿಕ್ಕಿದ್ದು ಪ್ರೋಟೀನ್. ಆ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 90 ಭಾಗ ಒಂದೇ ಒಂದು ಬಗೆಯದು, ಟೈಪ್ 1 ಕೊಲಾಜೆನ್. ಇದರ ಕೆಲಸ ಏನು ಎಂದು ಶಾಲೆಯ ಪ್ರಯೋಗಾಲಯದಲ್ಲಿ ಸುಲಭವಾಗಿ ತೋರಿಸಬಹುದು. ಕೋಳಿಯ ಕಾಲಿನ ಮೂಳೆಯನ್ನು ಚೆನ್ನಾಗಿ ತೊಳೆದು ವಿನೆಗರ್‌ನಲ್ಲಿ ಮುಳುಗಿಸಿಡಬೇಕು. ಮಧ್ಯೆ ಒಂದೆರಡು ಸಲ ವಿನೆಗರ್ ಬದಲಾಯಿಸಬೇಕು. ಒಂದು ವಾರದ ಮೇಲೆ ತೆಗೆದು ನೋಡಿದರೆ ಆಕಾರ ಹಾಗೇ ಇರುತ್ತದೆ, ಆದರೆ ರಬ್ಬರಿನ ಹಾಗೆ ಬಾಗುತ್ತದೆ. ಆಮ್ಲ ಕ್ಯಾಲ್ಸಿಯಂ ಅನ್ನು ಕರಗಿಸಿ ಒಯ್ದಿದೆ, ಉಳಿದಿರುವುದು ಕೊಲಾಜೆನ್. ಇನ್ನೊಂದು ಮೂಳೆಯನ್ನು ಕೆಂಡದಲ್ಲಿ ಚೆನ್ನಾಗಿ ಸುಟ್ಟರೆ ಕೊಲಾಜೆನ್ ಉರಿದು ಹೋಗಿ ಖನಿಜ ಮಾತ್ರ ಉಳಿಯುತ್ತದೆ. ನೋಡಲು ಅದೂ ಮೂಳೆಯೇ. ಬೆರಳಲ್ಲಿ ಒತ್ತಿದರೆ ಪುಡಿಪುಡಿ.

ಅಂದರೆ ಗಟ್ಟಿತನ ಖನಿಜದ್ದು, ಮುರಿಯದೆ ತಾಳಿಕೊಳ್ಳುವ ಗುಣ ಕೊಲಾಜೆನ್ನಿನದು. ಹುಟ್ಟಿನಿಂದಲೇ ಕೊಲಾಜೆನ್ ಜೀನ್‌ನಲ್ಲಿ ದೋಷ ಇರುವ ಮಕ್ಕಳಿರುತ್ತಾರೆ. ಅವರಿಗೆ ಎಷ್ಟು ಕ್ಯಾಲ್ಸಿಯಂ ಕೊಟ್ಟರೂ ಸಣ್ಣ ಪೆಟ್ಟಿಗೆ ಮೂಳೆ ಮುರಿಯುತ್ತದೆ. ಆ ಕಾಯಿಲೆಗೆ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಎನ್ನುತ್ತಾರೆ.

ಕೊಲಾಜೆನ್ನಿನ ರಚನೆ ಹೇಗಿದೆ ಎಂದು ಮೊದಲು ಬಿಡಿಸಿದವರು ನಮ್ಮವರೇ. ಜಿ.ಎನ್. ರಾಮಚಂದ್ರನ್ ಮತ್ತು ಗೋಪೀನಾಥ್ ಕರ್ತಾ, ಮದ್ರಾಸ್ ವಿಶ್ವವಿದ್ಯಾಲಯದಲ್ಲಿ, 1954ರಲ್ಲಿ. ಕಾಂಗರೂ ಬಾಲದ ಸ್ನಾಯುರಜ್ಜುವಿನ ಮೇಲೆ ಎಕ್ಸ್‌ರೇ ಹಾಯಿಸಿ ಈ ಕೆಲಸ ಮಾಡಿದರು. ರಾಮಚಂದ್ರನ್ ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದವರು. ಮುಂದೆ ಅಲ್ಲಿಗೇ ವಾಪಸು ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಇಂಥ ಕೆಲಸಕ್ಕೆ ನೊಬೆಲ್ ಬರಬೇಕಿತ್ತು ಎಂದು ನನಗಂತೂ ಅನ್ನಿಸುತ್ತದೆ. ಇರಲಿ.

ಅವರು ಕಂಡದ್ದು ಮೂರೆಳೆಯ ಹುರಿಹಗ್ಗದಂಥ ರಚನೆ. ಒಂದೊಂದು ಎಳೆಯಲ್ಲೂ ಸುಮಾರು ಸಾವಿರ ಅಮೈನೋ ಆಮ್ಲಗಳು. ಪ್ರತಿ ಮೂರನೆಯ ಜಾಗದಲ್ಲಿ ಗ್ಲೈಸಿನ್ ಇರಲೇಬೇಕು. ಯಾಕೆಂದರೆ ಮೂರೂ ಎಳೆ ಕೂಡುವ ನಡುವಿನ ಇಕ್ಕಟ್ಟಿನಲ್ಲಿ ಎಲ್ಲಕ್ಕಿಂತ ಚಿಕ್ಕದಾದ ಗ್ಲೈಸಿನ್ ಬಿಟ್ಟು ಬೇರೆ ಯಾವುದಕ್ಕೂ ಜಾಗ ಇಲ್ಲ. ಮೇಲೆ ಹೇಳಿದ ಮಕ್ಕಳಲ್ಲಿ ಎಷ್ಟೋ ಸಲ ಆಗಿರುವುದು ಇಷ್ಟೇ: ಸಾವಿರದಲ್ಲಿ ಒಂದು ಕಡೆ ಗ್ಲೈಸಿನ್ ಬದಲು ಬೇರೆ ಏನೋ ಬಂದು ಕೂತಿರುತ್ತದೆ.

ವಿಟಮಿನ್ ಸಿ ಕೆಲಸ ಶುರುವಾಗುವುದು ಇಲ್ಲಿ. ಮೂಳೆ ಕಟ್ಟುವ ಕೋಶಕ್ಕೆ ಆಸ್ಟಿಯೋಬ್ಲಾಸ್ಟ್ ಎಂದು ಹೆಸರು. ಅದು ಮೊದಲು ಮೂರು ಎಳೆಗಳನ್ನು ಬೇರೆ ಬೇರೆಯಾಗಿ ಮಾಡುತ್ತದೆ. ಎಳೆಯಲ್ಲಿ ಪ್ರೋಲಿನ್ ಎಂಬ ಅಮೈನೋ ಆಮ್ಲ ತುಂಬಾ ಇರುತ್ತದೆ. ಕೋಶದೊಳಗಿನ ರಾಸಾಯನಿಕ ಕ್ರಿಯೆ ನಡೆಸಿಕೊಡುವ ಒಂದು ಕಿಣ್ವ ಬಂದು ಆ ಪ್ರೋಲಿನ್‌ಗಳಿಗೆ ಒಂದೊಂದು ಆಮ್ಲಜನಕದ ಕೊಂಡಿ ಹಾಕುತ್ತದೆ. ಆಗ ಅದು ಹೈಡ್ರಾಕ್ಸಿಪ್ರೋಲಿನ್ ಆಗುತ್ತದೆ. ಇದೇನು ದೊಡ್ಡ ವಿಷಯ ಅನ್ನಿಸಬಹುದು. ಆದರೆ ಈ ಕೊಂಡಿ ಬಿದ್ದ ಮೂರೆಳೆ ಸುಮಾರು 40 ಡಿಗ್ರಿ ಸೆಲ್ಸಿಯಸ್‌ವರೆಗೂ ಬಿಚ್ಚುವುದಿಲ್ಲ. ಕೊಂಡಿ ಬೀಳದಿದ್ದರೆ 24 ಡಿಗ್ರಿ ಹತ್ತಿರವೇ ಬಿಚ್ಚಿಕೊಳ್ಳುತ್ತದೆ. ನಮ್ಮ ಮೈಬಿಸಿ 37 ಡಿಗ್ರಿ. ಅಂದಮೇಲೆ ಕೊಂಡಿ ಇಲ್ಲದ ಕೊಲಾಜೆನ್ ನಮ್ಮ ಮೈಯೊಳಗೆ ನಿಲ್ಲಲಾರದು. ಕೋಶ ಅದನ್ನು ಸರಿಯಾಗಿ ಹೊರಗೂ ಕಳಿಸುವುದಿಲ್ಲ.

ಆ ಕಿಣ್ವದ ನಡುವೆ ಒಂದು ಕಬ್ಬಿಣದ ಪರಮಾಣು ಇದೆ. ಕೆಲಸ ಮಾಡುತ್ತಾ ಮಾಡುತ್ತಾ ಆ ಕಬ್ಬಿಣ ಆಕ್ಸಿಡೈಸ್ ಆಗಿ ಕಿಣ್ವ ನಿಂತುಬಿಡುತ್ತದೆ. ಅದನ್ನು ಮತ್ತೆ ಮೊದಲಿನ ಸ್ಥಿತಿಗೆ ತಂದು ಕೆಲಸಕ್ಕೆ ಹಚ್ಚುವುದು ವಿಟಮಿನ್ ಸಿ. ಎಳೆಗಳನ್ನು ಪಕ್ಕಪಕ್ಕಕ್ಕೆ ಬಿಗಿಯಲು ಬೇಕಾಗುವ ಲೈಸಿನ್ ಎಂಬ ಅಮೈನೋ ಆಮ್ಲಕ್ಕೂ ಇದೇ ತರಹ ಕೊಂಡಿ ಬೀಳಬೇಕು, ಅಲ್ಲಿಯೂ ವಿಟಮಿನ್ ಸಿ ಬೇಕು. ಗಮನಿಸಿ, ವಿಟಮಿನ್ ಸಿ ಇಲ್ಲಿ ಮೂಳೆಯ ಸಾಮಗ್ರಿ ಅಲ್ಲ. ಕಿಣ್ವ ನಿಲ್ಲದ ಹಾಗೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಅದಕ್ಕೆ ಸ್ವಲ್ಪವೇ ಸಾಕು.

ಹೀಗೆ ತಯಾರಾದ ಕೊಲಾಜೆನ್ ಹೊರಗೆ ಬಂದು ಸಾಲಾಗಿ ಜೋಡಣೆಯಾಗುತ್ತದೆ. ಸುಮಾರು ಹತ್ತು ದಿನ ಅದು ಮೆದುವಾಗಿಯೇ ಇರುತ್ತದೆ. ಆಮೇಲೆ ಎಳೆಗಳ ತುದಿಗಳ ನಡುವೆ ಉಳಿದ ಸಣ್ಣ ಸಂದುಗಳಲ್ಲಿ ಖನಿಜದ ಹರಳು ಕೂರಲು ಶುರುವಾಗುತ್ತದೆ. ಕ್ಯಾಲ್ಸಿಯಂ ಬರುವುದು ಕೊನೆಗೆ. ಬಂದರೂ ಕೂರಲು ಕೊಲಾಜೆನ್ ಮೊದಲೇ ಇರಬೇಕು.

ಈಗ ಕೋಶ ಬೆಳೆಯುವ ಮಾತಿಗೆ ಬರೋಣ. ಇಲಿಯ ತಲೆಬುರುಡೆಯಿಂದ ತೆಗೆದ ಕೋಶಗಳನ್ನು ಪ್ರಯೋಗಾಲಯದ ತಟ್ಟೆಗಳಲ್ಲಿ ಬೆಳೆಸುತ್ತಾರೆ. ವಿಟಮಿನ್ ಸಿ ಹಾಕದಿದ್ದರೂ ಅವು ಸಾಯುವುದಿಲ್ಲ, ಸಂಖ್ಯೆಯಲ್ಲಿ ಹೆಚ್ಚುತ್ತವೆ. ಆದರೆ ಸುಮ್ನೆ ಹರಡಿಕೊಂಡಿರುತ್ತವೆ, ಮೂಳೆಯ ಕೆಲಸ ಮಾಡುವುದಿಲ್ಲ. ವಿಟಮಿನ್ ಸಿ ಹಾಕಿದರೆ ಸುತ್ತಲೂ ಕೊಲಾಜೆನ್ ಹೊದಿಕೆ ಹುಟ್ಟುತ್ತದೆ. ಆ ಹೊದಿಕೆ ಕೋಶದ ಮೇಲ್ಮೈಯಲ್ಲಿ ಹೊರಗಿನ ಸೂಚನೆ ಹಿಡಿಯುವ ಗ್ರಾಹಕಗಳಿಗೆ ತಾಗುತ್ತದೆ. ತಾಗಿದ ಮೇಲೆಯೇ ಕೋಶ ಬಲಿತು, ಖನಿಜ ಕೂರಿಸಲು ಬೇಕಾದ ಪ್ರೋಟೀನುಗಳನ್ನು ಮಾಡಲು ಶುರು ಮಾಡುತ್ತದೆ. ಡಬ್ಬದ ಮೇಲೆ ಬರೆದಿರುವ ವಾಕ್ಯಕ್ಕೆ ಆಧಾರ ಇಂಥ ಪ್ರಯೋಗಗಳು. ಆದರೆ ಆ ತಟ್ಟೆಗೆ ಯಾರೂ ಕೊಲಾಜೆನ್ ಪುಡಿ ಸುರಿದಿರಲಿಲ್ಲ. ಸುರಿದದ್ದು ವಿಟಮಿನ್ ಸಿ ಮಾತ್ರ.

ವಿಟಮಿನ್ ಸಿ ಪೂರ್ತಿ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಹಳೆಯ ಹಡಗುಗಳ ಕಥೆಗಳಿವೆ. ಸ್ಕರ್ವಿ ಎಂದರೆ ವಸಡಿನಲ್ಲಿ ರಕ್ತ ಎಂದು ಪಠ್ಯಪುಸ್ತಕದಲ್ಲಿ ಓದಿರುತ್ತೀರಿ, ಅಲ್ವಾ? ಮೂಳೆಯ ಕಥೆ ಇನ್ನೂ ಭಯಂಕರ. 1740ರಲ್ಲಿ ಇಂಗ್ಲೆಂಡಿನಿಂದ ಜಾರ್ಜ್ ಆನ್ಸನ್ ಎಂಬ ನೌಕಾಪಡೆಯ ಅಧಿಕಾರಿಯ ಹಡಗುಗಳು ಹೊರಟವು. ದಾರಿಯಲ್ಲಿ ಸ್ಕರ್ವಿ ಹತ್ತಿ ನೂರಾರು ಜನ ಸತ್ತರು. ಅವರಲ್ಲಿ ಒಬ್ಬ ಮುದುಕ ನಾವಿಕ ಐವತ್ತು ವರ್ಷದ ಹಿಂದೆ, 1690ರಲ್ಲಿ ಐರ್ಲೆಂಡಿನಲ್ಲಿ ನಡೆದ ಬಾಯ್ನ್ ಕದನದಲ್ಲಿ ಗಾಯಗೊಂಡಿದ್ದ. ಅರ್ಧ ಶತಮಾನದ ಹಿಂದೆ ಮಾಯ್ದ ಆ ಗಾಯಗಳು ಮತ್ತೆ ಬಾಯಿ ಬಿಟ್ಟವು. ಹಿಂದೆ ಮುರಿದು ಗಟ್ಟಿಯಾಗಿ ಕೂಡಿಕೊಂಡಿದ್ದ ಮೂಳೆಯೂ ಕೂಡಿದ ಜಾಗದಲ್ಲಿ ಕರಗಿ ಬಿಟ್ಟುಕೊಂಡಿತು ಎಂದು ಆ ಯಾನದ ವರದಿಯಲ್ಲಿದೆ. ಕಾರಣ ಇಷ್ಟು: ಮೂಳೆಯಲ್ಲಾಗಲಿ ಗಾಯದ ಕಲೆಯಲ್ಲಾಗಲಿ ಕೊಲಾಜೆನ್ ಒಮ್ಮೆ ಕೂತರೆ ಮುಗಿಯಿತು ಅನ್ನುವ ಹಾಗಿಲ್ಲ. ಹಳೆಯದು ಹೋಗುತ್ತಾ ಹೊಸದು ಬರುತ್ತಾ ಇರುತ್ತದೆ. ದೊಡ್ಡವರಲ್ಲಿ ಪ್ರತಿ ವರ್ಷ ಅಸ್ಥಿಪಂಜರದ ಸುಮಾರು ಹತ್ತನೇ ಒಂದು ಭಾಗ ಹೀಗೆ ಹೊಸದಾಗುತ್ತದೆ. ಹೊಸದು ಬರುವುದು ನಿಂತಾಗ ಹಳೆಯ ಬೆಸುಗೆಯೂ ಬಿಡುತ್ತದೆ.

ಇದು ಬರೀ ಹಳೆಯ ಕಥೆಯಲ್ಲ. ಹಾಲು, ಬಿಸ್ಕತ್ತು, ಅನ್ನ ಬಿಟ್ಟು ಬೇರೇನೂ ಮುಟ್ಟದ ಮಕ್ಕಳಲ್ಲಿ ಈಗಲೂ ಸ್ಕರ್ವಿ ಕಾಣುತ್ತದೆ. ಊಟದಲ್ಲಿ ತುಂಬಾ ಹಟ ಇರುವ ಆಟಿಸಂ ಮಕ್ಕಳಲ್ಲಿ ವಿಶೇಷವಾಗಿ. ಮಗು ಕಾಲು ಮುಟ್ಟಿದರೆ ಅಳುತ್ತದೆ, ನಡೆಯುವುದನ್ನೇ ಬಿಡುತ್ತದೆ, ಕಪ್ಪೆಯ ಹಾಗೆ ಕಾಲು ಮಡಿಸಿ ಮಲಗುತ್ತದೆ. ಪೋಲಿಯೋ, ಸಂಧಿವಾತ, ಕೊನೆಗೆ ರಕ್ತದ ಕ್ಯಾನ್ಸರ್ ಅಂತೆಲ್ಲ ಅನುಮಾನ ಬರುತ್ತದೆ. ಎಕ್ಸ್‌ರೇಯಲ್ಲಿ ಮೊಣಕಾಲಿನ ಹತ್ತಿರ ಬೆಳೆಯುವ ತುದಿಯಲ್ಲಿ ಒಂದು ದಪ್ಪ ಬಿಳಿ ಗೆರೆ, ಅದರ ಹಿಂದೆಯೇ ಒಂದು ಕಪ್ಪು ಪಟ್ಟಿ ಕಾಣುತ್ತದೆ. ಬಿಳಿ ಗೆರೆ ಎಂದರೆ ಖನಿಜ ಬಂದು ರಾಶಿ ಬಿದ್ದಿರುವ ಜಾಗ. ಕಪ್ಪು ಪಟ್ಟಿ ಎಂದರೆ ಕೊಲಾಜೆನ್ ಇಲ್ಲದೆ ಹೊಸ ಮೂಳೆ ಕಟ್ಟಲಾಗದ ಜಾಗ. ವಿಟಮಿನ್ ಸಿ ಕೊಟ್ಟರೆ ಕೆಲವೇ ದಿನಗಳಲ್ಲಿ ನೋವು ಇಳಿಯುತ್ತದೆ. ಒಂಟಿಯಾಗಿರುವ ವಯಸ್ಸಾದವರು, ಕಾಫಿ, ಬನ್ನು, ಅನ್ನ, ಮಜ್ಜಿಗೆಯಲ್ಲೇ ದಿನ ತಳ್ಳುವವರು, ಅವರಿಗೂ ಈ ಅಪಾಯ ಇದೆ. ಹಾಲಿನಲ್ಲಿ, ಅಕ್ಕಿಯಲ್ಲಿ, ರಾಗಿಯಲ್ಲಿ ವಿಟಮಿನ್ ಸಿ ಲೆಕ್ಕಕ್ಕೆ ಬರುವಷ್ಟು ಇಲ್ಲ.

ನಿಮ್ಮ ಪುಡಿಯ ವಿಷಯ ಈಗ ಅರ್ಥವಾಗುವುದು ಸುಲಭ. ನುಂಗಿದ ಕೊಲಾಜೆನ್ ಹೊಟ್ಟೆಯಲ್ಲಿ ಎಲ್ಲ ಪ್ರೋಟೀನಿನ ಹಾಗೆ ಜೀರ್ಣವಾಗಿ ಅಮೈನೋ ಆಮ್ಲಗಳಾಗುತ್ತದೆ. ಕೆಲವು ಎರಡು ಮೂರು ಅಮೈನೋ ಆಮ್ಲಗಳ ತುಣುಕುಗಳಾಗಿಯೇ ರಕ್ತಕ್ಕೆ ಬರುತ್ತವೆ, ಅದನ್ನು ಅಳೆದು ನೋಡಿದ್ದಾರೆ. ಅದರಲ್ಲಿ ಇರುವ ಹೈಡ್ರಾಕ್ಸಿಪ್ರೋಲಿನ್ ಮಾತ್ರ ನಿಮ್ಮ ಹೊಸ ಕೊಲಾಜೆನ್ನಿಗೆ ಸೇರುವುದೇ ಇಲ್ಲ. ನಮ್ಮ ಕೋಶಕ್ಕೆ ಹೊರಗಿನಿಂದ ಬಂದ ಹೈಡ್ರಾಕ್ಸಿಪ್ರೋಲಿನ್ ಅನ್ನು ಎಳೆಯಲ್ಲಿ ಪೋಣಿಸುವ ವ್ಯವಸ್ಥೆ ಇಲ್ಲ. ಅದು ಸಾದಾ ಪ್ರೋಲಿನ್ ಅನ್ನೇ ಪೋಣಿಸಿ, ಆಮೇಲೆ ತಾನೇ ಕೊಂಡಿ ಹಾಕಬೇಕು. ಕೊಂಡಿ ಹಾಕಲು ಮತ್ತೆ ವಿಟಮಿನ್ ಸಿ. ಪ್ರೋಲಿನ್, ಗ್ಲೈಸಿನ್ ಎರಡನ್ನೂ ದೇಹವೇ ಮಾಡಿಕೊಳ್ಳುತ್ತದೆ, ಬೇಳೆಯಲ್ಲೂ ಹಾಲಿನಲ್ಲೂ ಇರುತ್ತವೆ. ತೊಗರಿಬೇಳೆಯಲ್ಲಿ ಇರುವ ಟ್ರಿಪ್ಟೊಫ್ಯಾನ್ ಎಂಬ ಅಗತ್ಯ ಅಮೈನೋ ಆಮ್ಲ ಕೊಲಾಜೆನ್ನಿನಲ್ಲಿ ಇಲ್ಲವೇ ಇಲ್ಲ. ಪ್ರೋಟೀನ್ ಲೆಕ್ಕದಲ್ಲಿ ಅದು ಅರೆಕೊರೆ.

ಹಾಗಾದರೆ ಪುಡಿಯಿಂದ ಪ್ರಯೋಜನವೇ ಇಲ್ಲವೇ? ಅಷ್ಟು ಖಡಾಖಂಡಿತವಾಗಿ ಹೇಳುವುದೂ ತಪ್ಪು. ಜರ್ಮನಿಯ ಸಂಶೋಧಕರು 2018ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಮುಟ್ಟು ನಿಂತ 131 ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 5 ಗ್ರಾಂ ಕೊಲಾಜೆನ್ ಪೆಪ್ಟೈಡ್ (ಸಣ್ಣದಾಗಿ ತುಂಡರಿಸಿದ ಕೊಲಾಜೆನ್), ಉಳಿದವರಿಗೆ ಬೇರೆ ಪುಡಿ. ಒಂದು ವರ್ಷದ ನಂತರ ಕೊಲಾಜೆನ್ ತೆಗೆದುಕೊಂಡವರ ಬೆನ್ನುಮೂಳೆ ಮತ್ತು ಸೊಂಟದ ಸಾಂದ್ರತೆ ಸ್ವಲ್ಪ ಏರಿತ್ತು. ರಕ್ತಕ್ಕೆ ಬರುವ ಆ ತುಣುಕುಗಳು ಆಸ್ಟಿಯೋಬ್ಲಾಸ್ಟ್‌ಗಳಿಗೆ ಏನೋ ಸೂಚನೆ ಕೊಡಬಹುದು ಎನ್ನುವುದು ಅವರ ಊಹೆ. ಆದರೆ ಗುಂಪು ಚಿಕ್ಕದು, ಸುಮಾರು 30 ಜನ ಮಧ್ಯದಲ್ಲೇ ಬಿಟ್ಟಿದ್ದರು, ಹಣ ಕೊಟ್ಟದ್ದು ಆ ಪೆಪ್ಟೈಡ್ ತಯಾರಿಸುವ ಕಂಪನಿ. ಮೂಳೆ ಮುರಿಯುವುದು ಕಮ್ಮಿಯಾಯಿತೇ ಎಂದು ಆ ಪ್ರಯೋಗದಲ್ಲಿ ನೋಡಿರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಇಷ್ಟನ್ನು ನಂಬಿಕೊಂಡು ಸಸ್ಯಾಹಾರ ಬಿಡುವ ಅಗತ್ಯ ನಿಮಗಿಲ್ಲ. ಮಗಳಿಗೆ ಬೇಜಾರಾಗದ ಹಾಗೆ ಡಬ್ಬವನ್ನು ಯಾರಿಗಾದರೂ ಕೊಟ್ಟುಬಿಡಿ.

ವಿಟಮಿನ್ ಸಿ ಮಾತ್ರೆ? ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಪ್ರಕಾರ ಹೆಂಗಸರಿಗೆ ದಿನಕ್ಕೆ 65 ಮಿಲಿಗ್ರಾಂ, ಗಂಡಸರಿಗೆ 80 ಮಿಲಿಗ್ರಾಂ ಸಾಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಸ್ವಯಂಸೇವಕರ ಮೇಲೆ ನೋಡಿದಾಗ ಸ್ಕರ್ವಿ ತಡೆಯಲು ದಿನಕ್ಕೆ 10 ಮಿಲಿಗ್ರಾಂ ಸಾಕಾಗಿತ್ತು. ದಿನಕ್ಕೆ 200ರಿಂದ 400 ಮಿಲಿಗ್ರಾಂ ದಾಟಿದ ಮೇಲೆ ರಕ್ತದಲ್ಲಿ ಅದರ ಮಟ್ಟ ಹೆಚ್ಚೇನೂ ಏರುವುದಿಲ್ಲ. ಉಳಿದದ್ದು ಮೂತ್ರದಲ್ಲಿ ಹೋಗುತ್ತದೆ. ಅಂದಮೇಲೆ 1000 ಮಿಲಿಗ್ರಾಂ ನುಂಗಿದರೆ ಮೂಳೆ ಹತ್ತು ಪಟ್ಟು ಬೇಗ ಕೂಡುವುದಿಲ್ಲ.

ನಿಮ್ಮದೇ ಮುರಿತಕ್ಕೆ ಸಂಬಂಧಿಸಿದ ಒಂದು ಸಂಗತಿ ಇದೆ. ಮಣಿಕಟ್ಟು ಮುರಿದವರಲ್ಲಿ ಕೆಲವರಿಗೆ ಮೂಳೆ ಕೂಡಿದ ಮೇಲೂ ಕೈ ಊದಿಕೊಂಡು, ಬಿಸಿಯಾಗಿ, ತಡೆಯಲಾಗದ ಉರಿನೋವು ಉಳಿಯುತ್ತದೆ. ಸಿಆರ್‌ಪಿಎಸ್ ಎನ್ನುತ್ತಾರೆ. ನೆದರ್ಲೆಂಡ್ಸ್‌ನ ವೈದ್ಯರು 1999ರಲ್ಲಿ, ಮತ್ತೆ 2007ರಲ್ಲಿ, ದಿನಕ್ಕೆ 500 ಮಿಲಿಗ್ರಾಂ ವಿಟಮಿನ್ ಸಿಯನ್ನು 50 ದಿನ ಕೊಟ್ಟರೆ ಇದು ಕಮ್ಮಿಯಾಗುತ್ತದೆ ಎಂದು ತೋರಿಸಿದರು. 2014ರಲ್ಲಿ ಎಡಿನ್‌ಬರೋದಲ್ಲಿ 336 ಜನರ ಮೇಲೆ ಅದೇ ಡೋಸ್ ನೋಡಿದಾಗ ಯಾವ ಲಾಭವೂ ಕಾಣಲಿಲ್ಲ. ಹಾಗಾಗಿ ಕೆಲವು ಮೂಳೆ ವೈದ್ಯರು ಬರೆದುಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ಇಬ್ಬರನ್ನೂ ದೂರುವ ಹಾಗಿಲ್ಲ. ನಿಮಗೆ ಎರಡು ತಿಂಗಳು ಆಗಿಹೋಗಿದೆ, ಆ ಅವಧಿ ಮುಗಿಯಿತು. ಮಾತ್ರೆ ನಿಲ್ಲಿಸಬಹುದು.

ಬದಲಿಗೆ ದಿನಕ್ಕೆ ಅರ್ಧ ಸೀಬೆಹಣ್ಣು ತಿನ್ನಿ. ನೂರು ಗ್ರಾಂ ಸೀಬೆಯಲ್ಲಿ ಸುಮಾರು 200 ಮಿಲಿಗ್ರಾಂ ವಿಟಮಿನ್ ಸಿ ಇದೆ, ಕಿತ್ತಳೆಗಿಂತ ನಾಲ್ಕು ಪಟ್ಟು. ಬೆಟ್ಟದ ನೆಲ್ಲಿಕಾಯಿ ಅದಕ್ಕೂ ಜಾಸ್ತಿ. ಸೀಬೆ ಸಿಗದ ದಿನ ದೊಣ್ಣೆಮೆಣಸಿನಕಾಯಿ, ಪರಂಗಿಹಣ್ಣು, ಏನಾದರೂ ಸರಿ. ಒಂದು ವಿಷಯ ನೆನಪಿರಲಿ, ಕುದಿಯುವ ಶಾಖ ಮತ್ತು ಗಾಳಿ ಎರಡೂ ಇದನ್ನು ಹಾಳು ಮಾಡುತ್ತವೆ, ನೀರಿನಲ್ಲಿ ಬೇಯಿಸಿ ಬಸಿದರೆ ಬಸಿದ ನೀರಿನ ಜೊತೆಗೇ ಹೋಗುತ್ತದೆ. ಚಿತ್ರಾನ್ನಕ್ಕೆ ಒಲೆ ಆರಿಸಿದ ಮೇಲೆ ನಿಂಬೆ ಹಿಂಡುತ್ತೀರಲ್ಲ, ಸಾರಿಗೂ ಹಾಗೇ ಮಾಡಿ. ಕೋಸಂಬರಿಗೆ ತಿನ್ನುವ ಹೊತ್ತಿಗೆ ಹಿಂಡಿ.

ನಿಜ ಹೇಳಬೇಕೆಂದರೆ, ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹುಟ್ಟಿಸಿದ್ದು ಪುಡಿಯೂ ಅಲ್ಲ, ಮಾತ್ರೆಯೂ ಅಲ್ಲ. ನಿಂತಲ್ಲಿಂದ ಜಾರಿ ಬಿದ್ದದ್ದಕ್ಕೇ ಮೂಳೆ ಮುರಿದಿದೆ. 56ನೇ ವಯಸ್ಸಿನಲ್ಲಿ, ಮುಟ್ಟು ನಿಂತ ಮೇಲೆ, ಇದು ಮೂಳೆಸವೆತದ ಮೊದಲ ಲಕ್ಷಣ ಆಗಿರಬಹುದು. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಇಳಿದಾಗ ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳ ಆರ್ಭಟ ಜಾಸ್ತಿಯಾಗುತ್ತದೆ. ಅವು ಮೂರು ವಾರದಲ್ಲಿ ತೋಡಿದ ಗುಂಡಿಯನ್ನು ಕಟ್ಟುವ ಕೋಶಗಳು ತುಂಬಲು ಮೂರು ನಾಲ್ಕು ತಿಂಗಳು ಬೇಕು. ಇಂಥ ಹೊತ್ತಿನಲ್ಲಿ ಕಟ್ಟುವವರಿಗೆ ಎಷ್ಟು ವಿಟಮಿನ್ ಸಿ ಕೊಟ್ಟರೂ ಕೆಡಹುವವರ ವೇಗಕ್ಕೆ ಸಾಟಿಯಾಗುವುದಿಲ್ಲ. ಪ್ಲಾಸ್ಟರ್ ಬಿಚ್ಚಿದ ವೈದ್ಯರನ್ನು ‘ನನಗೆ ಡೆಕ್ಸಾ ಸ್ಕ್ಯಾನ್ ಬೇಕೇ’ ಎಂದು ನೀವೇ ಕೇಳಿ. ಅದು ಮೂಳೆಯ ಸಾಂದ್ರತೆ ಅಳೆಯುವ ಸ್ಕ್ಯಾನ್. ಅದರಲ್ಲಿ ಬರುವ ಟಿ-ಸ್ಕೋರ್ ಎಂಬ ಅಂಕ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಬಂದರೆ ಕರಗಿಸುವ ಕೋಶಗಳನ್ನು ತಡೆಯುವ ಔಷಧ ಬೇಕಾಗಬಹುದು. ವಿಟಮಿನ್ ಡಿ ಮಟ್ಟವನ್ನೂ ನೋಡಿಸಿ. ನಿಮ್ಮ ದೇಹ ಎಷ್ಟು ಕೊಲಾಜೆನ್ ಕಟ್ಟುತ್ತಿದೆ, ಎಷ್ಟು ಕೆಡವುತ್ತಿದೆ ಎಂದು ತಿಳಿಯುವ ರಕ್ತಪರೀಕ್ಷೆಗಳೂ ಇವೆ, ಪಿ1ಎನ್‌ಪಿ ಮತ್ತು ಸಿಟಿಎಕ್ಸ್ ಎಂದು. ಔಷಧ ಶುರುವಾದ ಮೇಲೆ ಅದು ಕೆಲಸ ಮಾಡುತ್ತಿದೆಯೇ ಎಂದು ನೋಡಲು ವೈದ್ಯರು ಬರೆಯುತ್ತಾರೆ. ಈಗಲೇ ನೀವಾಗಿ ಮಾಡಿಸುವುದು ಬೇಡ.

ಊಟದಲ್ಲಿ ಪ್ರೋಟೀನ್ ಎಷ್ಟಿದೆ ನೋಡಿಕೊಳ್ಳಿ. 60 ಕೆಜಿ ತೂಕದವರಿಗೆ ದಿನಕ್ಕೆ 50 ಗ್ರಾಂ ಬೇಕು. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಮತ್ತೆ ಅದೇ ಆದರೆ ಅಷ್ಟು ತಲುಪುವುದಿಲ್ಲ. ಒಂದು ಬಟ್ಟಲು ಗಟ್ಟಿ ಬೇಳೆ, ಮೊಳಕೆ ಹುರುಳಿ, ಎರಡು ಲೋಟ ಹಾಲು ಅಥವಾ ಮೊಸರು, ಒಂದು ಹಿಡಿ ಕಡ್ಲೆಕಾಯಿ ಸೇರಿದರೆ ಹತ್ತಿರ ಬರುತ್ತದೆ. ರಾಗಿಮುದ್ದೆ ಬಿಡಬೇಡಿ, ನೂರು ಗ್ರಾಂ ಹಿಟ್ಟಿನಲ್ಲಿ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇದೆ. ದಿನಾ ಚುರುಕಾಗಿ ನಡೆಯಿರಿ, ಮೆಟ್ಟಿಲು ಹತ್ತಿ. ಮೂಳೆಯ ಮೇಲೆ ಭಾರ ಬಿದ್ದರೆ ಮಾತ್ರ ಕಟ್ಟುವ ಕೋಶಗಳಿಗೆ ಕೆಲಸ ಸಿಗುತ್ತದೆ. ಬಚ್ಚಲಿಗೆ ಒಂದು ಹಿಡಿಕೆ ಹಾಕಿಸಿ, ಜಾರದ ಮ್ಯಾಟ್ ಹಾಕಿ.

ಇನ್ನು ನಿಮ್ಮ ಯಜಮಾನರು. ಅವರು ಮಾತ್ರೆಯನ್ನು ಇವತ್ತೇ ನಿಲ್ಲಿಸಲಿ. ಹೆಚ್ಚಾದ ವಿಟಮಿನ್ ಸಿಯ ಒಂದು ಭಾಗ ದೇಹದಲ್ಲಿ ಆಕ್ಸಲೇಟ್ ಆಗುತ್ತದೆ. ಕಿಡ್ನಿ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವೇ. ಸ್ವೀಡನ್ನಿನಲ್ಲಿ ಗಂಡಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2013ರಲ್ಲಿ ಬಂತು. ದೊಡ್ಡ ಡೋಸಿನ ವಿಟಮಿನ್ ಸಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ಕಲ್ಲಾಗುವ ಸಂಭವ ಹತ್ತಿರ ಹತ್ತಿರ ಎರಡು ಪಟ್ಟು ಇತ್ತು. ಒಮ್ಮೆ ಕಲ್ಲಾದವರಿಗೆ ಮತ್ತೆ ಆಗುವ ಸಂಭವ ಹೇಗೂ ಜಾಸ್ತಿ. ಸಕ್ಕರೆ ಕಾಯಿಲೆ ಇದ್ದರೆ ಇನ್ನೊಂದು ತೊಂದರೆ: ದೊಡ್ಡ ಡೋಸಿನಲ್ಲಿ ಇದು ಕೆಲವು ಗ್ಲುಕೋಮೀಟರ್‌ಗಳ ಲೆಕ್ಕ ತಪ್ಪಿಸುತ್ತದೆ. ಮಂಡಿನೋವಿಗಂತೂ ಈ ಮಾತ್ರೆ ಪರಿಹಾರವಲ್ಲ. ಮಂಡಿಯನ್ನು ಒಮ್ಮೆ ವೈದ್ಯರಿಗೆ ತೋರಿಸಲಿ, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಕಲಿಯಲಿ. ನಿಂಬೆ ಪಾನಕ ಬೇಕಾದರೆ ಕುಡಿಯಲಿ, ಸಕ್ಕರೆ ಕಮ್ಮಿ ಹಾಕಿ. ಅದರಲ್ಲಿರುವ ವಿಟಮಿನ್ ಸಿ ಸ್ವಲ್ಪವೇ. ಜೊತೆಗಿರುವ ಸಿಟ್ರೇಟ್ ಕಲ್ಲು ಕಟ್ಟುವುದನ್ನು ತಡೆಯುತ್ತದೆ.